ಬೈಬಲ್ ತರಗತಿ: ಯಾವ ಮಗುವನ್ನೂ ಹೊರಗೆ ಕೂರಿಸದ ಪಾಠ ಬೇಕು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಶಾಲೆಯಲ್ಲಿ ಧರ್ಮಗ್ರಂಥ ಕಲಿಸಬೇಕೇ, ಬೇಡವೇ? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಹೆಚ್ಚು ವರ್ಷ ಇದ್ದದ್ದು ದಂಡು ಪ್ರದೇಶದ ಕಡೆ. ಮನೆಯಲ್ಲಿ ತಮಿಳು, ಉರ್ದು, ತೆಲುಗು ಮಾತಾಡುವ ಮಕ್ಕಳು ನನ್ನ ಕ್ಲಾಸಿನಲ್ಲಿ ಕನ್ನಡ ಕಲಿತರು. ಕೆಳಗೆ ಬರೆದಿರುವುದರಲ್ಲಿ ಅರ್ಧ ಓದಿ ತಿಳಿದದ್ದು, ಅರ್ಧ ಆ ಮಕ್ಕಳಿಂದ ತಿಳಿದದ್ದು.

ಪ್ರಶ್ನೆ: ಮೇಡಂ, ನಾವು ಲಿಂಗರಾಜಪುರದವರು, ಕ್ರೈಸ್ತರು. ಮಗ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಉಚಿತವಾಗಿ ಬೈಬಲ್ ಕ್ಲಾಸು ಮಾಡುತ್ತೇವೆ, ಇಷ್ಟ ಇದ್ದವರು ಬರಲಿ ಅಂತ ಒಂದು ತಂಡದವರು ಕೇಳಿದ್ದಾರೆ. ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಗಲಾಟೆ ಆಯಿತು. ಹಾಗಾದರೆ ಗೀತೆಯ ಕ್ಲಾಸೂ ಇರಲಿ ಎಂದು ಕೆಲವರು ಹೇಳಿದರು. ಹೆಡ್‌ಮಾಸ್ಟರ್ ಏನೂ ಹೇಳದೆ ಸುಮ್ನೆ ಕೂತಿದ್ದರು. ಅಮೆರಿಕದ ಟೆಕ್ಸಸ್‌ನಲ್ಲಿರುವ ನನ್ನ ತಂಗಿ, ಅಲ್ಲಿ ಸರ್ಕಾರಿ ಶಾಲೆಯ ಪಾಠದಲ್ಲೇ ಈಗ ಬೈಬಲ್ ಕಥೆ ಇದೆ ಅನ್ನುತ್ತಾಳೆ. ಒಳ್ಳೆಯದನ್ನು ಕಲಿಸಿದರೆ ಯಾರಿಗೆ ನಷ್ಟ? ಬಲವಂತವಂತೂ ಇಲ್ಲವಲ್ಲ? (ಹೆಸರು ಬೇಡ)

ಉತ್ತರ: ತಾಯಿ, ನಿಮ್ಮ ಮಗ ಒಳ್ಳೆಯದನ್ನು ಕಲಿಯಲಿ ಎನ್ನುವ ಆಸೆಯಲ್ಲಿ ಯಾವ ತಪ್ಪೂ ಇಲ್ಲ. ಆದರೂ ನನ್ನ ಉತ್ತರ ಸುತ್ತಿಬಳಸಿ ಹೇಳುವಂಥದ್ದಲ್ಲ. ಸರ್ಕಾರಿ ಶಾಲೆಯಲ್ಲಿ ಬೈಬಲ್ ತರಗತಿ ಬೇಡ. ಗೀತೆಯ ತರಗತಿ ಬೇಡ. ಕುರಾನ್ ತರಗತಿಯೂ ಬೇಡ. ಆದರೆ ಬೈಬಲ್ಲಿನ ಕಥೆಗಳು ಎಲ್ಲ ಮಕ್ಕಳಿಗೂ ಗೊತ್ತಿರಬೇಕು. ಈ ಎರಡು ಮಾತು ಹೇಗೆ ಕೂಡಿ ನಿಲ್ಲುತ್ತವೆ ಎಂದು ಹೇಳುತ್ತೇನೆ.

ಮೊದಲು ಕಾನೂನು. ನಮ್ಮ ಸಂವಿಧಾನದ 28ನೇ ವಿಧಿಯ ಮೊದಲ ಭಾಗ ಇದನ್ನು ನೇರವಾಗಿ ಹೇಳುತ್ತದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಅದನ್ನು ಯಾರು ಕೊಡುತ್ತಾರೆ, ದುಡ್ಡು ತಗೊಳ್ಳುತ್ತಾರಾ, ಇಷ್ಟ ಇದ್ದವರಿಗೆ ಮಾತ್ರವಾ ಎಂಬ ಮಾತೇ ಅಲ್ಲಿಲ್ಲ. ಯಾವುದೋ ದತ್ತಿ ಅಥವಾ ಟ್ರಸ್ಟಿನ ಷರತ್ತಿನ ಮೇಲೆ ಹುಟ್ಟಿ ಈಗ ಸರ್ಕಾರ ನಡೆಸುತ್ತಿರುವ ಸಂಸ್ಥೆಗೆ ಒಂದು ವಿನಾಯಿತಿ ಇದೆ, ಅಷ್ಟೇ. ನಿಮ್ಮ ಮಗನ ಶಾಲೆ ಅಂಥದ್ದಲ್ಲ. ಅದರ ಹಿಂದಿನ 27ನೇ ವಿಧಿಯನ್ನೂ ಸೇರಿಸಿ ಓದಿ. ಯಾವುದೋ ಒಂದು ಧರ್ಮವನ್ನು ಬೆಳೆಸಲೆಂದೇ ಎತ್ತುವ ತೆರಿಗೆಯನ್ನು ಯಾರೂ ಕೊಡಬೇಕಾಗಿಲ್ಲ ಎನ್ನುತ್ತದೆ ಅದು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ಚರ್ಚೆ ಬಂದಾಗ ಅಂಬೇಡ್ಕರ್ ಅವರು ಈ ತೆರಿಗೆಯ ಮಾತನ್ನೇ ಮುಂದಿಟ್ಟರು. ಇಷ್ಟೊಂದು ಧರ್ಮಗಳಿರುವ ದೇಶದಲ್ಲಿ ಎಲ್ಲವನ್ನೂ ಬೋಧಿಸುವ ಹೊರೆಯನ್ನು ಸರ್ಕಾರ ಹೊರಲು ಆಗುವುದಿಲ್ಲ ಎಂದೂ ಹೇಳಿದರು.

ಹೆಡ್‌ಮಾಸ್ಟರ್ ಸುಮ್ಮನೆ ಕೂತಿದ್ದು ನನಗೆ ಅರ್ಥವಾಗುತ್ತದೆ. ಎರಡೂ ಕಡೆಯವರು ಅದೇ ಊರಿನವರು. ನಾಳೆ ಅವರ ಮುಖ ನೋಡಬೇಕು. ಆದರೆ ಅವರು ಯಾರ ಪರವೂ ನಿಲ್ಲಬೇಕಿಲ್ಲ. 28ನೇ ವಿಧಿಯ ಒಂದು ಸಾಲನ್ನು ಸಭೆಯಲ್ಲಿ ಓದಿದರೆ ಸಾಕು. ಅದು ಬೈಬಲ್ ತಂಡಕ್ಕೂ ಗೀತೆಯ ಗುಂಪಿಗೂ ಒಂದೇ ಉತ್ತರ ಕೊಡುತ್ತದೆ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ. ಬಲವಂತ ಇಲ್ಲವಲ್ಲ ಅಂತ.

ಇದಕ್ಕೆ ನಿಮ್ಮ ತಂಗಿ ಇರುವ ದೇಶದ್ದೇ ಒಂದು ಘಟನೆ ಹೇಳುತ್ತೇನೆ. ಇಲಿನಾಯ್ ರಾಜ್ಯದಲ್ಲಿ ಶಾಂಪೇನ್ ಎಂಬ ಊರು. 1940ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಧರ್ಮದ ತರಗತಿ ಶುರುವಾಯಿತು. ಅದು ನಿಮ್ಮ ಶಾಲೆಯ ಪ್ರಸ್ತಾಪದಂತೆಯೇ ಇತ್ತು. ಕಲಿಸುವವರು ಹೊರಗಿನವರು. ಶಾಲೆಗೆ ಖರ್ಚಿಲ್ಲ. ತಂದೆತಾಯಿ ಚೀಟಿಗೆ ಸಹಿ ಹಾಕಿದ ಮಕ್ಕಳಿಗೆ ಮಾತ್ರ. ಪ್ರಾಟೆಸ್ಟೆಂಟರಿಗೆ, ಕ್ಯಾಥೊಲಿಕರಿಗೆ, ಯಹೂದಿಗಳಿಗೆ ಬೇರೆಬೇರೆ ತರಗತಿ. ಕಾಗದದ ಮೇಲೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ಆ ಊರಿನಲ್ಲಿ ವಾಷ್ಟಿ ಮೆಕಾಲಮ್ ಎಂಬ ತಾಯಿ ಇದ್ದರು. ಅವರ ಮಗ ಆ ತರಗತಿಗೆ ಹೋಗುತ್ತಿರಲಿಲ್ಲ. ಉಳಿದವರೆಲ್ಲ ಒಳಗೆ ಕೂತಾಗ ಅವನನ್ನು ಒಬ್ಬನೇ ಹೊರಗೆ ಕೂರಿಸುತ್ತಿದ್ದರು. ಜೊತೆಯ ಹುಡುಗರು ಚುಡಾಯಿಸಿದರು. ತಾಯಿ ಕೋರ್ಟಿಗೆ ಹೋದರು, ಕೆಳಗಿನ ಕೋರ್ಟುಗಳಲ್ಲಿ ಸೋತರು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟು ಒಂದರ ಬಹುಮತದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಸರ್ಕಾರಿ ಶಾಲೆಯ ಕಟ್ಟಡದಲ್ಲಿ, ಶಾಲೆಯ ಹೊತ್ತಿನಲ್ಲಿ ಇಂಥ ತರಗತಿ ಕೂಡದು ಎಂದಿತು.

ನಿಮ್ಮಲ್ಲಿ ಇದು ಶಾಲೆ ಬಿಟ್ಟ ಮೇಲಿನ ಮಾತು, ನಿಜ. ಆದರೆ ಅದೇ ಬೆಂಚು, ಅದೇ ಕರಿಹಲಗೆ, ಅದೇ ಗೇಟು. ಇಷ್ಟ ಇದ್ದವರು ಬನ್ನಿ ಎಂಬ ಮಾತು ದೊಡ್ಡವರಿಗೆ ಸರಿ. ಹನ್ನೊಂದು ವರ್ಷದ ಮಗುವಿಗೆ ತನ್ನ ಗೆಳೆಯರು ಹೋಗುವ ಕಡೆ ಹೋಗಬೇಕು, ಅಷ್ಟೇ ಗೊತ್ತು. ಶಾಲೆಯ ಒಳಗೆ ನಡೆಯುವುದೆಲ್ಲ ಮೇಷ್ಟ್ರು ಒಪ್ಪಿದ್ದೇ ಎಂದು ಅದು ತಿಳಿಯುತ್ತದೆ. ಬೇಡ ಅನ್ನುವುದಕ್ಕೆ ಬೇಕಾದ ಧೈರ್ಯವನ್ನು ಆ ವಯಸ್ಸಿನ ಮಗುವಿನಿಂದ ನಾವು ಕೇಳಬಾರದು.

ಹಾಗಾದರೆ ಎರಡೂ ಇರಲಿ ಎಂಬ ಮಾತು ಬರುತ್ತದೆ. ಅದು ಇನ್ನೂ ಕಷ್ಟ. ಶನಿವಾರ ಗಂಟೆ ಬಾರಿಸಿದ ತಕ್ಷಣ ಬೈಬಲ್‌ನವರು ಈ ರೂಮಿಗೆ, ಗೀತೆಯವರು ಆ ರೂಮಿಗೆ, ಮುಸ್ಲಿಂ ಮಕ್ಕಳು ಮನೆಗೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತಾರೆ. ಪಕ್ಕದವನು ಯಾರು ಎಂದು ಕೇಳುವುದಿಲ್ಲ. ವಾರಕ್ಕೊಮ್ಮೆ ಅವರನ್ನು ನಾವೇ ಬೇರೆ ಮಾಡಿ, ಯಾರು ಯಾವ ಜನ ಎಂದು ಕಲಿಸಿಕೊಡಬೇಕೇ? ಇದನ್ನು ನೆನೆಸಿಕೊಂಡರೇ ನನಗೆ ಸಂಕಟವಾಗುತ್ತದೆ.

ಟೆಕ್ಸಸ್ ವಿಷಯ ನಿಮ್ಮ ತಂಗಿ ಹೇಳಿದ್ದು ನಿಜ. 2024ರ ನವೆಂಬರ್‌ನಲ್ಲಿ ಅಲ್ಲಿನ ಶಿಕ್ಷಣ ಮಂಡಳಿ ಪ್ರಾಥಮಿಕ ಶಾಲೆಗೆ ಬೈಬಲ್ಲಿನ ಭಾಗಗಳಿರುವ ಪಠ್ಯಕ್ಕೆ ಒಪ್ಪಿಗೆ ಕೊಟ್ಟಿತು. ಮತ ಬಿದ್ದದ್ದು ಎಂಟು, ಏಳು. ಅಂದರೆ ಅಲ್ಲಿನವರೇ ನಡುವೆ ಸೀಳಿಕೊಂಡಿದ್ದಾರೆ. ಶಾಲೆಗಳು ಬಳಸಲೇಬೇಕು ಎಂದಿಲ್ಲ, ಆದರೆ ಬಳಸಿದರೆ ಮಗುವಿಗೆ ಇಷ್ಟು ಎಂದು ಹೆಚ್ಚಿನ ಹಣ ಸಿಗುತ್ತದೆ. ಬಡ ಶಾಲೆಗೆ ಅದು ಎಂಥ ಆಯ್ಕೆ, ನೀವೇ ಯೋಚಿಸಿ. ಪಕ್ಕದ ಒಕ್ಲಹೋಮಾದಲ್ಲಿ 2024ರ ಜೂನ್‌ನಲ್ಲಿ ಐದರಿಂದ ಹನ್ನೆರಡನೇ ತರಗತಿವರೆಗೆ ಪಾಠದಲ್ಲಿ ಬೈಬಲ್ ಇರಲೇಬೇಕು ಎಂದು ಆದೇಶ ಬಂತು. 2025ರ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ಅಧಿಕಾರಿ ಅದನ್ನು ಕೈಬಿಟ್ಟರು. ಅಧಿಕಾರಿ ಬದಲಾದಂತೆ ಮಕ್ಕಳ ಪಾಠ ಬದಲಾಗುವ ಸ್ಥಿತಿ ನಮಗೆ ಬೇಡ. ಇನ್ನೊಂದು ಮಾತು, ಬೇಜಾರಾಗಬೇಡಿ. ಅಲ್ಲಿ ಕ್ರೈಸ್ತರು ಜಾಸ್ತಿ. ಇಲ್ಲಿ 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಶಾಲೆಯ ಬಾಗಿಲು ಧರ್ಮ ಬೋಧನೆಗೆ ತೆರೆದರೆ ಮೊದಲು ಒಳಗೆ ಬರುವುದು ಯಾರ ಗ್ರಂಥ ಎಂದು ಲೆಕ್ಕ ಹಾಕಿ. ನಿಮ್ಮ ಮಗನನ್ನು ಕಾಯುತ್ತಿರುವುದೂ ಇದೇ 28ನೇ ವಿಧಿ.

ಈಗ ಬೇಕು ಎಂದ ಭಾಗಕ್ಕೆ ಬರುತ್ತೇನೆ. ನನಗೆ ಮುಖ್ಯವಾದದ್ದು ಇದು.

ಕನ್ನಡ ಮೇಷ್ಟ್ರುಗಳು ಯಾವಾಗಲೂ ಧರ್ಮದ ಪುಸ್ತಕವನ್ನೇ ಪಾಠ ಮಾಡುತ್ತಾ ಬಂದಿದ್ದಾರೆ. ಪಂಪ ಜೈನ. ಅವನ ಆದಿಪುರಾಣ ಮೊದಲ ತೀರ್ಥಂಕರನ ಕಥೆ. ಅದನ್ನು ಓದಿಸಿದ್ದೇವೆ. ಬಸವಣ್ಣ, ಅಕ್ಕಮಹಾದೇವಿಯರ ವಚನ ಓದಿಸಿದ್ದೇವೆ. ಪುರಂದರದಾಸರ ಪದ, ಕುಮಾರವ್ಯಾಸನ ಕೃಷ್ಣ, ಶಿಶುನಾಳ ಶರೀಫರ ಹಾಡು, ಎಲ್ಲವೂ ಆಗಿದೆ. ಭರತ ಬಾಹುಬಲಿಯ ಯುದ್ಧ ಓದಿದ ಮಕ್ಕಳು ಯಾರೂ ಜೈನರಾಗಲಿಲ್ಲ. ಆದರೆ ಗೆದ್ದವನು ಯಾಕೆ ರಾಜ್ಯ ಬಿಟ್ಟು ಹೋದ ಎಂದು ಕ್ಲಾಸಿನಲ್ಲಿ ಜಗಳವಾಡಿದರು. ನಾಸ್ತಿಕರ ಮನೆಯ ಮಕ್ಕಳೂ ಜಗಳವಾಡಿದರು. ಯಾರೂ ಎದ್ದು ಹೊರಗೆ ಹೋಗಬೇಕಾಗಲಿಲ್ಲ. ಪರೀಕ್ಷೆಯಲ್ಲಿ ನೀನು ಶಿವನನ್ನು ನಂಬುತ್ತೀಯಾ ಎಂದು ನಾವು ಕೇಳಲಿಲ್ಲ. ಬಸವಣ್ಣ ಇಲ್ಲಿ ಏನು ಹೇಳುತ್ತಾನೆ ಎಂದು ಕೇಳಿದೆವು.

ಬೈಬಲ್ ಕೂಡ ಹೀಗೆಯೇ ಬರಲಿ. ನನ್ನ ಅಳತೆಗೋಲು ಒಂದೇ. ಯಾವ ಪಾಠಕ್ಕಾಗಿ ಒಂದು ಮಗುವಾದರೂ ಹೊರಗೆ ಹೋಗಿ ಕೂರಬೇಕಾಗುತ್ತದೋ ಅದು ಸರ್ಕಾರಿ ಶಾಲೆಯ ಪಾಠವಲ್ಲ. ಪಾಠ ಮಾಡುವವರು ಆ ಶಾಲೆಯ ಟೀಚರೇ ಆಗಿರಬೇಕು. ಕ್ಲಾಸು ಪೂರ್ತಿ ಒಟ್ಟಿಗೆ ಕೂರಬೇಕು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಎಂಬ ಮಾತು ಬರಬಾರದು.

ಹಾಗಾದರೆ ನೀವೇನು ಮಾಡಬಹುದು? ನಂಬಿಕೆಯನ್ನು ಕಲಿಸುವುದಕ್ಕೆ ನಿಮ್ಮ ಚರ್ಚಿನ ಸಂಡೇ ಸ್ಕೂಲ್ ಇದೆ, ಮನೆ ಇದೆ. ಆ ಕೆಲಸ ಅಲ್ಲೇ ಚೆನ್ನಾಗಿ ಆಗುತ್ತದೆ. ಉಚಿತವಾಗಿ ಕಲಿಸಲು ಬಂದ ತಂಡಕ್ಕೆ ಚರ್ಚಿನ ಹಾಲ್ ತೋರಿಸಿ. ಹೋಗುವವರು ಅಲ್ಲಿಗೆ ಹೋಗಲಿ. ಶಾಲೆಗೆ ಏನಾದರೂ ಕೊಡಬೇಕೆಂದಿದ್ದರೆ, ಎಲ್ಲ ಧರ್ಮದ ಕಥೆಗಳಿರುವ ಒಳ್ಳೆಯ ಕನ್ನಡ ಮಕ್ಕಳ ಪುಸ್ತಕಗಳನ್ನು ಲೈಬ್ರರಿಗೆ ಕೊಡಿಸಿ. ಎಸ್‌ಡಿಎಂಸಿಯಲ್ಲಿ ನೀವೇ ಎದ್ದು ನಿಂತು, ನಮ್ಮ ಬೈಬಲ್ ಕ್ಲಾಸೂ ಬೇಡ, ಗೀತೆ ಕ್ಲಾಸೂ ಬೇಡ ಎಂದು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಬೇರೆ ಯಾರು ಹೇಳಿದರೂ ಅಷ್ಟು ತೂಕ ಬರುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ವಿಜಯನಗರದಲ್ಲಿದ್ದೇವೆ. ಮಗಳು ಕ್ರೈಸ್ತ ಸಂಸ್ಥೆಯವರ ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು. ಪಾಠ ತುಂಬಾ ಚೆನ್ನಾಗಿದೆ, ಸಿಸ್ಟರ್‌ಗಳ ಮೇಲೆ ನಮಗೆ ಗೌರವವಿದೆ. ಆದರೆ ಈ ವರ್ಷದಿಂದ ಎಲ್ಲ ಮಕ್ಕಳೂ ಬೈಬಲ್ ಓದುವ ಪೀರಿಯಡ್‌ಗೆ ಕೂರಬೇಕು ಅಂತಿದ್ದಾರೆ. ಬೇಡ ಅನ್ನಬಹುದಾ? ಅಂದರೆ ಮಗಳಿಗೆ ತೊಂದರೆ ಆಗುತ್ತಾ? (ಒಬ್ಬ ತಂದೆ)

ಉತ್ತರ: ಬೇಡ ಅನ್ನಬಹುದು. ನಿಮಗೆ ಆ ಹಕ್ಕಿದೆ.

ಇದು ಸರ್ಕಾರಿ ಶಾಲೆಯ ವಿಷಯಕ್ಕಿಂತ ಬೇರೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅಂಥ ಶಾಲೆಯಲ್ಲಿ ಬೈಬಲ್ ಪಾಠ ಇರುವುದು ತಪ್ಪಲ್ಲ. ಆದರೆ 28ನೇ ವಿಧಿಯ ಮೂರನೇ ಭಾಗ ಅದರ ಜೊತೆಗೇ ಇದೆ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವುದೇ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಒಪ್ಪಿಗೆ ಕೊಡಬೇಕಾದವರು ಪೋಷಕರು. ಶಾಲೆ ಯಾರದ್ದೇ ಇರಲಿ, ಮಠದ್ದಿರಲಿ, ಚರ್ಚಿನದ್ದಿರಲಿ, ಇದೇ ನಿಯಮ.

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯ ಪ್ರವೇಶ ಅರ್ಜಿ ದೊಡ್ಡ ಸುದ್ದಿಯಾಗಿದ್ದು ನಿಮಗೆ ನೆನಪಿರಬಹುದು. ಮಗು ಬೈಬಲ್ ತರುವುದಕ್ಕೆ ನಮ್ಮ ಆಕ್ಷೇಪವಿಲ್ಲ ಎಂದು ಪೋಷಕರು ಬರೆದುಕೊಡುವ ಒಂದು ಸಾಲು ಅದರಲ್ಲಿತ್ತು. ಅದಕ್ಕೇ ಹೇಳುತ್ತೇನೆ, ಮೊದಲು ನೀವು ಸಹಿ ಹಾಕಿದ ಅರ್ಜಿಯನ್ನು ಹುಡುಕಿ ಓದಿ. ಅಡ್ಮಿಷನ್ ಅವಸರದಲ್ಲಿ ನಾವು ಎಲ್ಲಿ ಬೆರಳು ತೋರಿಸಿದರೆ ಅಲ್ಲಿ ಸಹಿ ಹಾಕುತ್ತೇವೆ. ಅಂಥ ಸಾಲು ಇದ್ದರೂ ಹೆದರಬೇಡಿ. ನನ್ನ ಮಟ್ಟಿಗೆ, ಒಪ್ಪಿಗೆ ಕೊಟ್ಟ ತಂದೆ ಅದನ್ನು ವಾಪಸ್ ತಗೊಳ್ಳಲೂ ಬಹುದು.

ಪ್ರಿನ್ಸಿಪಾಲರನ್ನು ಹೋಗಿ ಕಾಣಿ. ಜಗಳದ ದನಿ ಬೇಡ. ಒಂದು ಚಿಕ್ಕ ಪತ್ರ ಕೊಡಿ: ನಮ್ಮ ಮಗಳಿಗೆ ಧಾರ್ಮಿಕ ಬೋಧನೆಯಿಂದ ವಿನಾಯಿತಿ ಕೊಡಿ, ಆ ಹೊತ್ತಿಗೆ ಮೌಲ್ಯ ಶಿಕ್ಷಣವೋ ಲೈಬ್ರರಿಯೋ ಇರಲಿ. ಪ್ರತಿ ಇಟ್ಟುಕೊಳ್ಳಿ. ನಮ್ಮೂರಿನ ಎಷ್ಟೋ ಕ್ಯಾಥೊಲಿಕ್ ಶಾಲೆಗಳಲ್ಲಿ ಈ ಏರ್ಪಾಡು ಮೊದಲಿಂದಲೂ ಇದೆ. ಕ್ಯಾಥೊಲಿಕ್ ಮಕ್ಕಳಿಗೆ ಕ್ಯಾಟಕಿಸಂ ಅಂದರೆ ಅವರ ಧರ್ಮದ ಪಾಠ, ಉಳಿದವರಿಗೆ ಮಾರಲ್ ಸೈನ್ಸ್. ಆದ್ದರಿಂದ ನೀವು ಹೊಸದೇನೂ ಕೇಳುತ್ತಿಲ್ಲ.

ಇಷ್ಟು ಹೇಳಿ ಒಂದು ಬಿನ್ನಹ. ಮಗಳನ್ನು ಕೇಳಿದ್ದೀರಾ? ಅವಳಿಗೆ ಆ ಕಥೆಗಳು ಇಷ್ಟವಾಗುತ್ತಿರಬಹುದು. ಸುಮ್ಮನೆ ಕಥೆ ಹೇಳುತ್ತಿದ್ದಾರಾ, ಅಥವಾ ನೀನು ಹೀಗೇ ನಂಬಬೇಕು ಅನ್ನುತ್ತಿದ್ದಾರಾ ಎಂದು ಅವಳಿಂದಲೇ ತಿಳಿದುಕೊಳ್ಳಿ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬಕ್ಕೆ ಪ್ರತಿ ಸೆಪ್ಟೆಂಬರ್ 8ರಂದು ಕಾವಿ ಬಟ್ಟೆ ಉಟ್ಟು ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ, ತಾವಾಗಿ ಬರುತ್ತಾರೆ. ನಿಮ್ಮ ಆಕ್ಷೇಪ ಬಲವಂತಕ್ಕೆ ಇರಲಿ. ಆ ಪುಸ್ತಕದ ಮೇಲೆ ಸಿಟ್ಟು ಮನೆಯೊಳಗೆ ಬರದಿರಲಿ.

ಪ್ರಶ್ನೆ: ಮೇಡಂ, ಶಾಲೆಯಲ್ಲಿ ಧರ್ಮದ ಸುದ್ದಿಯೇ ಯಾಕೆ? ಗಣಿತ, ವಿಜ್ಞಾನ, ಸಂವಿಧಾನ ಸಾಕಲ್ಲವೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ)

ಉತ್ತರ: ಸಂವಿಧಾನ ಬೇಕೇ ಬೇಕು. 2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಅದರ ಪೀಠಿಕೆ ಓದುತ್ತಿದ್ದಾರೆ. ನನಗೆ ಅದು ಖುಷಿಯ ವಿಷಯ. ಆದರೆ ಸಾಕೇ ಎಂದರೆ ಸಾಲದು.

ನಿಮ್ಮ ವಯಸ್ಸಿನವರಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಹೊಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಬೈಕಿನಿಂದ ಬಿದ್ದವರನ್ನು ನೀವು ಎತ್ತಿ ಆಸ್ಪತ್ರೆಗೆ ಸೇರಿಸಿದರೆ ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ, ಸುಮ್ಮನೆ ಸ್ಟೇಷನ್‌ಗೆ ಅಲೆಸುವಂತಿಲ್ಲ. ಅದಕ್ಕೆ ಕಾನೂನಿದೆ. ಕರ್ನಾಟಕ 2016ರಲ್ಲೇ ಈ ಮಸೂದೆ ಪಾಸು ಮಾಡಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ ಇದೇ ರಕ್ಷಣೆ ಸೇರಿತು. ಎರಡು ಕಡೆಯೂ ಇಂಥವರನ್ನು ಗುಡ್ ಸಮರಿಟನ್ ಎಂದೇ ಕರೆದಿದ್ದಾರೆ. ಇದು ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಹಾಕಿರುತ್ತಾರೆ. ಅವನದೇ ಜನದ ಪುರೋಹಿತ ನೋಡಿ ಪಕ್ಕಕ್ಕೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಯ ಕುಲದವನೂ ಹಾಗೇ ಹೋಗುತ್ತಾನೆ. ಯಾರನ್ನು ಆ ಜನ ಕೀಳು ಎಂದು ದೂರ ಇಟ್ಟಿದ್ದರೋ ಆ ಸಮಾರ್ಯದವನು, ಅಂದರೆ ಸಮರಿಟನ್, ನಿಲ್ಲುತ್ತಾನೆ, ಗಾಯಕ್ಕೆ ಎಣ್ಣೆ ಹಾಕುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದು ಖರ್ಚಿಗೆ ತಾನೇ ದುಡ್ಡು ಕೊಡುತ್ತಾನೆ.

ಕಾನೂನಿನಿಂದ ಎತ್ತಿದವನಿಗೆ ರಕ್ಷಣೆ ಸಿಗುತ್ತದೆ. ಯಾರು ಎತ್ತಬೇಕು, ಯಾಕೆ ಎತ್ತಬೇಕು ಎಂಬುದು ಕಥೆಯಿಂದ ಗೊತ್ತಾಗುತ್ತದೆ. ಜಾತಿ ಗೊತ್ತಿರುವ ನಮ್ಮ ಮಕ್ಕಳಿಗೆ ಈ ಕಥೆ ತಟ್ಟನೆ ಅರ್ಥವಾಗುತ್ತದೆ. ಅವರಿಗೆ ಇಸ್ರೇಲಿನ ಭೂಪಟವೂ ಬೇಕಿಲ್ಲ.

ದೇಶದ ಶಿಕ್ಷಣ ಹೇಗಿರಬೇಕು ಎಂದು ನೋಡಲು ಕೂತ ಕೊಠಾರಿ ಆಯೋಗ 1964ರಿಂದ 66ರವರೆಗೆ ಕೆಲಸ ಮಾಡಿತು. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಅದು ಗೆರೆ ಎಳೆಯಿತು. ಮೊದಲನೆಯದು ಸರ್ಕಾರದ ಕೆಲಸವಲ್ಲ, ಎರಡನೆಯದು ಬೇಕು ಎಂದಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟೂ ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದಿದೆ. ನೀವು ನಂಬದೇ ಇರಬಹುದು. ಪಕ್ಕದ ಮನೆಯವರು ಏನನ್ನು ನಂಬಿ ಬದುಕುತ್ತಿದ್ದಾರೆ ಎಂದಾದರೂ ತಿಳಿದಿರಬೇಕಲ್ಲ.

ಪ್ರಶ್ನೆ: ಮೇಡಂ, ನಾನು ಯಲಹಂಕ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್, ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಯಿತು. ಒಂಬತ್ತನೇ ತರಗತಿಯಲ್ಲಿ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪಾಠವಿದೆ. ಹಿರಿಯ ಶಿಕ್ಷಕರು, ಬೇಗ ಓದಿ ಮುಗಿಸು, ಯಾಕೆ ತಲೆನೋವು ಅನ್ನುತ್ತಾರೆ. ಯೇಸು ನಿಜವಾಗಲೂ ಸತ್ತು ಎದ್ದು ಬಂದರಾ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ? ಪೋಷಕರು ಬಂದರೆ ಏನು ಮಾಡಲಿ?

ಉತ್ತರ: ಓಡಿಸಬೇಡಿ. ನಿಮ್ಮ ಹಿರಿಯರ ಭಯ ಸುಳ್ಳಲ್ಲ, ಆದರೆ ಓಡಿಸಿದ ಪಾಠವನ್ನು ಮಕ್ಕಳು ಮೊಬೈಲಿನಲ್ಲಿ ತುಂಬಿಸಿಕೊಳ್ಳುತ್ತಾರೆ. ಅಲ್ಲಿ ಅವರಿಗೆ ಸಿಗುವುದು ಏನು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಅಮೆರಿಕದ ಇನ್ನೊಂದು ತೀರ್ಪು ನಿಮಗೆ ಧೈರ್ಯ ಕೊಡಬಹುದು. ಪೆನ್ಸಿಲ್ವೇನಿಯಾದಲ್ಲಿ ಪ್ರತಿ ದಿನ ಶಾಲೆ ಶುರುವಾಗುವಾಗ ಬೈಬಲ್ಲಿನ ಹತ್ತು ವಚನಗಳನ್ನು ಓದಬೇಕು ಎಂಬ ಕಾನೂನಿತ್ತು. ಮನೆಯಿಂದ ಚೀಟಿ ತಂದರೆ ವಿನಾಯಿತಿ. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ, ಬೈಬಲ್ಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ, ಪಕ್ಷಪಾತವಿಲ್ಲದೆ ಓದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದೂ ಬರೆಯಿತು. ಪ್ರಾರ್ಥನೆಯ ಬಾಗಿಲು ಮುಚ್ಚಿದ ಕೋರ್ಟೇ ಪಾಠದ ಬಾಗಿಲು ತೆರೆದಿಟ್ಟಿತು. ನೀವು ನಿಂತಿರುವುದು ಈ ಎರಡನೇ ಬಾಗಿಲಲ್ಲಿ.

ಮಕ್ಕಳ ಪ್ರಶ್ನೆಗೆ ಬರೋಣ. ನನ್ನ ಕ್ಲಾಸಿನಲ್ಲಿ ಒಮ್ಮೆ ನಡೆದದ್ದು ಹೇಳುತ್ತೇನೆ. ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯದ ಬಗ್ಗೆ ಹೇಳುತ್ತಿದ್ದೆ. ಯೇಸುವಿನ ಕಡೆಯ ದಿನದ ಮೇಲೆ ಮಂಜೇಶ್ವರದ ಒಬ್ಬ ಹಿಂದೂ ಕವಿ ಬರೆದ ಕನ್ನಡ ಕಾವ್ಯ ಅದು. ಅದೇ ಕವಿ ಬುದ್ಧನ ಕಡೆಯ ದಿನದ ಮೇಲೆ ‘ವೈಶಾಖಿ’ ಬರೆದರು. ಪಠ್ಯದಲ್ಲಿ ಇರಲಿಲ್ಲ, ಉಳಿದ ಪೀರಿಯಡ್‌ನಲ್ಲಿ ಹೇಳುತ್ತಿದ್ದೆ. ಪಿಲಾತ ಯಾರು ಎಂದು ಕೇಳಿದೆ. ವರ್ಷವಿಡೀ ಬಾಯಿ ಬಿಡದ ಒಬ್ಬ ಕ್ರೈಸ್ತ ಹುಡುಗ ಎದ್ದು ನಿಂತು, ರೋಮಿನವರ ಅಧಿಕಾರಿ, ಯೇಸುವಿನಲ್ಲಿ ತಪ್ಪಿಲ್ಲ ಎಂದು ಗೊತ್ತಿದ್ದೂ ಜನರ ಗಲಾಟೆಗೆ ಹೆದರಿ ಕೈ ತೊಳೆದುಕೊಂಡ ಎಂದು ಇಡೀ ಕಥೆ ಹೇಳಿದ. ಅವನಿಗೆ ಕನ್ನಡ ಅಷ್ಟು ಚೆನ್ನಾಗಿ ಬರುತ್ತದೆ ಎಂದು ಕ್ಲಾಸಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬಳು ಮುಸ್ಲಿಂ ಹುಡುಗಿ, ಮಿಸ್, ನಮ್ಮಲ್ಲಿ ಈಸಾ ಅಂತಾರೆ, ಅವರು ಪ್ರವಾದಿ, ಅವರನ್ನು ಶಿಲುಬೆಗೆ ಹಾಕಲಿಲ್ಲ ಅಂತ ಕುರಾನ್‌ನಲ್ಲಿದೆ ಎಂದಳು. ಕ್ಲಾಸು ನನ್ನ ಮುಖ ನೋಡಿತು. ಯಾರು ಸರಿ ಎಂದು ನಾನು ಹೇಳಬೇಕಿತ್ತು.

ನಾನು ಹೇಳಿದ್ದು ಇಷ್ಟು. ಕ್ರೈಸ್ತರು ಹೀಗೆ ನಂಬುತ್ತಾರೆ. ಮುಸ್ಲಿಮರು ಹೀಗೆ ನಂಬುತ್ತಾರೆ. ಗೋವಿಂದ ಪೈಗಳು ಕ್ರೈಸ್ತರ ನಂಬಿಕೆಯನ್ನು ತಗೊಂಡು ಕಾವ್ಯ ಬರೆದರು. ಪರೀಕ್ಷೆಯಲ್ಲಿ ನಾನು ಕೇಳುವುದು ಕವಿ ಏನು ಬರೆದರು ಎಂದು. ನಿಮ್ಮ ಮನೆಯಲ್ಲಿ ಏನು ನಂಬುತ್ತೀರಿ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಇಬ್ಬರೂ ಕೂತರು. ಇಬ್ಬರ ಮುಖದಲ್ಲೂ ಸೋತ ಭಾವ ಇರಲಿಲ್ಲ.

ನೀವೂ ಹೀಗೇ ಹೇಳಿ. ‘ಯೇಸು ಸತ್ತು ಮೂರನೇ ದಿನ ಎದ್ದು ಬಂದರು’ ಎಂದು ಹೇಳಬೇಡಿ. ‘ಅದೆಲ್ಲ ಕಟ್ಟುಕಥೆ’ ಎಂದೂ ಹೇಳಬೇಡಿ. ‘ಎದ್ದು ಬಂದರು ಎಂಬುದು ಕ್ರೈಸ್ತರ ನಂಬಿಕೆ, ಈಸ್ಟರ್ ಹಬ್ಬ ಮಾಡುವುದು ಅದಕ್ಕೇ’ ಎನ್ನಿ. ನೀವೇನು ನಂಬುತ್ತೀರಿ ಮಿಸ್ ಎಂದು ಖಂಡಿತ ಕೇಳುತ್ತಾರೆ. ಅದು ನನ್ನ ಮನೆಯ ವಿಷಯ, ಇಲ್ಲಿ ನಾನು ನಿಮ್ಮೆಲ್ಲರ ಟೀಚರ್ ಎನ್ನಿ. ಇದೇ ಮಾತನ್ನು ರಾಮಾಯಣದ ಪಾಠದಲ್ಲೂ, ಪ್ರವಾದಿಯವರ ಪಾಠದಲ್ಲೂ ಹೇಳಬೇಕು. ಒಂದಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ಆದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಕರ್ನಾಟಕದ ನೆಲದಿಂದಲೇ ಉದಾಹರಣೆ ಕೊಡಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟವರೂ ಅವರೇ. ನಮ್ಮ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಮೋಗ್ಲಿಂಗ್ ಅವರು 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದರು. ಅವರು ಬಂದದ್ದು ಧರ್ಮ ಹರಡಲು ಎಂಬುದನ್ನು ಮುಚ್ಚಿಡಬೇಡಿ. ಕನ್ನಡಕ್ಕೆ ಮಾಡಿದ ಕೆಲಸವನ್ನೂ ಮುಚ್ಚಿಡಬೇಡಿ. ಹದಿನಾಲ್ಕು ವರ್ಷದ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಇದೆ.

ಕ್ಲಾಸಿನಲ್ಲಿ ಕ್ರೈಸ್ತ ಮಗು ಒಂದೇ ಇದ್ದರೆ ಅದನ್ನು ಎಬ್ಬಿಸಿ, ನೀನೇ ಹೇಳಪ್ಪ ಅನ್ನಬೇಡಿ. ತಾನಾಗಿ ಎದ್ದರೆ ಹೇಳಲಿ. ಇದನ್ನು ದಯವಿಟ್ಟು ಮರೆಯಬೇಡಿ.

ಪೋಷಕರು ಬಂದರೆ ಸ್ಟಾಫ್‌ರೂಮಿನಲ್ಲಿ ಕೂರಿಸಿ, ನೀರು ಕೊಡಿ. ಪಠ್ಯಪುಸ್ತಕ ತೆರೆದು ಪಾಠ ತೋರಿಸಿ, ನಿಮ್ಮ ಪಾಠದ ಟಿಪ್ಪಣಿ ತೋರಿಸಿ. ಸರ್ಕಾರ ಗೊತ್ತುಮಾಡಿದ ಪಾಠ, ಎಲ್ಲ ಮಕ್ಕಳಿಗೂ ಇದೇ, ಪ್ರಾರ್ಥನೆ ಇಲ್ಲ ಎಂದು ಹೇಳಿ. ಹೆಡ್‌ಮಾಸ್ಟರಿಗೆ ಮೊದಲೇ ತಿಳಿಸಿರಿ, ಅವರಿಗೆ ಆಮೇಲೆ ಗೊತ್ತಾಗುವುದು ಬೇಡ. ಹೊರಗಿನಿಂದ ಯಾರಾದರೂ ಬಂದು ಈ ಪಾಠ ನಾವು ಮಾಡಿಕೊಡುತ್ತೇವೆ ಎಂದರೆ, ಅವರು ಯಾವ ಧರ್ಮದವರೇ ಆಗಿರಲಿ, ನಮಸ್ಕಾರ ಹೇಳಿ ಕಳುಹಿಸಿ. ಈ ಪಾಠ ನಿಮ್ಮದು. ಮುಗಿದ ಮೇಲೆ ಮಕ್ಕಳು ಏನೇನು ಕೇಳಿದರು ಎಂದು ನನಗೆ ಬರೆಯಿರಿ. ಮುಂದಿನ ಸಂಚಿಕೆಗಳಲ್ಲಿ ಆ ಪ್ರಶ್ನೆಗಳನ್ನೇ ತಗೊಳ್ಳೋಣ.